ಗ್ಯೂಡೋನ್ ಅಂಗಡಿಯಲ್ಲಿ ಬೆಳಗಿನ ತಿಂಡಿ: ಯೋಶಿನೋಯಾ, ಸುಕಿಯಾ, ಮತ್ಸುಯಾ ಮೂರರಲ್ಲಿ ಯಾವುದು?

ಟೋಕಿಯೊದ ದೊಡ್ಡ ರೈಲು ನಿಲ್ದಾಣವೊಂದರಿಂದ ಬೆಳಿಗ್ಗೆ ಆರಕ್ಕೆ ಹೊರಬಂದು ನೋಡಿದರೆ ಬಾಗಿಲು ತೆರೆದ ಹೋಟೆಲುಗಳು ಕಡಿಮೆ. ಕೆಫೆಗಳು ಹೆಚ್ಚಿನವು ಏಳರ ನಂತರವೇ. ದೀಪ ಉರಿಯುತ್ತಿರುವುದು ಮೂರು ಬೋರ್ಡುಗಳಲ್ಲಿ: ಯೋಶಿನೋಯಾದ ಕಿತ್ತಳೆ, ಸುಕಿಯಾದ ಕೆಂಪು, ಮತ್ಸುಯಾದ ಹಳದಿ. ಮೂರೂ ಗ್ಯೂಡೋನ್ ಅಂಗಡಿಗಳು. ಅಂದರೆ ಈರುಳ್ಳಿಯ ಜೊತೆ ಸೋಯಾ ಸಾಸ್ ರಸದಲ್ಲಿ ಬೇಯಿಸಿದ ತೆಳು ಗೋಮಾಂಸವನ್ನು ಬಿಸಿ ಅನ್ನದ ಮೇಲೆ ಹಾಕಿಕೊಡುವ ಸರಣಿ ಹೋಟೆಲುಗಳು. ಜಪಾನಿಗೆ ಹೋದ ಕನ್ನಡಿಗರಲ್ಲಿ ಅನೇಕರು ಬೋರ್ಡಿನ ಮೇಲಿನ ಬಟ್ಟಲಿನ ಚಿತ್ರ ನೋಡಿಯೇ ಮುಂದಕ್ಕೆ ನಡೆದುಬಿಡುತ್ತಾರೆ. ಆದರೆ ಈ ಅಂಗಡಿಗಳ ಬೆಳಗಿನ ಪಟ್ಟಿಯೇ ಬೇರೆ. ಅದರಲ್ಲಿ ಗೋಮಾಂಸ ಬರೀ ಪಕ್ಕವಾದ್ಯ. ಅನ್ನ, ಮಿಸೊ ಎಂಬ ಸೋಯಾ ಪೇಸ್ಟಿನ ಸಾರು, ಮೊಟ್ಟೆ, ಸುಟ್ಟ ಮೀನು, ನಾಟ್ಟೊ ಎಂಬ ಹುದುಗಿಸಿದ ಸೋಯಾ ಕಾಳು ಇವೇ ಮುಖ್ಯ. ಹಾಗಾಗಿ ಗೋಮಾಂಸ ತಿನ್ನುವವರಿಗೆ ಬೇಕಾದಂತೆಯೇ ತಿನ್ನದವರಿಗೂ ಇಲ್ಲಿ ಆಯ್ಕೆಯ ಪ್ರಶ್ನೆ ಇದೆ.

ಇದು ನಮ್ಮ ಅರ್ಥದ ತಿಂಡಿ ಅಲ್ಲ, ಬೆಳಗಿನ ಊಟ. ಇಡ್ಲಿ ತಿಂದು ಕಾಫಿ ಕುಡಿದು ಎದ್ದು ಬರುವ ಮನಸ್ಸಿದ್ದರೆ ನಿರಾಸೆ ಖಂಡಿತ. ಕಾಫಿಯ ಆಸೆ ಬಿಟ್ಟೇ ಒಳಗೆ ಹೋಗಿ. ನೀರೋ ಚಹಾವೋ ಪುಕ್ಕಟೆಯಾಗಿ ಸಿಗುತ್ತದೆ, ಆ ಚಹಾಕ್ಕೆ ಹಾಲೂ ಇಲ್ಲ ಸಕ್ಕರೆಯೂ ಇಲ್ಲ.

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ

ಯಾವ ಅಂಗಡಿ ಅನ್ನುವುದಕ್ಕಿಂತ ಮುಂಚೆ ನಾಲ್ಕು ವಿಷಯ ತೀರ್ಮಾನವಾಗಬೇಕು. ತಟ್ಟೆಯಲ್ಲಿ ಏನು ಇರಲೇಬಾರದು? ಮೊಟ್ಟೆ ಎಷ್ಟು ಬೆಂದಿದ್ದರೆ ನಿಮ್ಮ ಗಂಟಲಲ್ಲಿ ಇಳಿಯುತ್ತದೆ? ಹೇಗೆ ಆರ್ಡರ್ ಮಾಡುವುದು ನಿಮಗೆ ಸಲೀಸು: ಬಾಯಲ್ಲಿ ಹೇಳಿ, ಪರದೆ ಮುಟ್ಟಿ, ಅಥವಾ ಯಂತ್ರಕ್ಕೆ ದುಡ್ಡು ಹಾಕಿ? ಒಬ್ಬರೇ ಇದ್ದೀರೋ, ಮಕ್ಕಳು ಸೂಟ್‌ಕೇಸು ಎಲ್ಲ ಜೊತೆಗಿವೆಯೋ?

ದುಡ್ಡನ್ನು ಈ ಪಟ್ಟಿಗೆ ಸೇರಿಸದಿರುವುದು ಬೇಕೆಂದೇ. ಮೂರೂ ಸರಣಿಗಳು ದಶಕಗಳಿಂದ ಒಂದರ ಬೆಲೆ ಇನ್ನೊಂದು ನೋಡಿಕೊಂಡೇ ಬದುಕಿವೆ. ಒಂದೇ ತರಹದ ಸೆಟ್‌ಗೆ ಅಂಗಡಿಯಿಂದ ಅಂಗಡಿಗೆ ಇರುವ ವ್ಯತ್ಯಾಸ ಹೆಚ್ಚಾಗಿ 100 ಯೆನ್ ಒಳಗೇ, ಎಂದರೆ ಸುಮಾರು 60 ರೂಪಾಯಿ. ಒಂದೇ ಅಂಗಡಿಯೊಳಗೆ ಸೆಟ್‌ನಿಂದ ಸೆಟ್‌ಗೆ ಇರುವ ಅಂತರ ಅದಕ್ಕಿಂತ ದೊಡ್ಡದು. ಅನ್ನ, ಮೊಟ್ಟೆ, ಮಿಸೊ ಸಾರಿನ ಅತಿ ಸರಳ ಸೆಟ್ 300 ಯೆನ್ ಆಸುಪಾಸಿನಿಂದ ಶುರುವಾದರೆ, ಸುಟ್ಟ ಸಾಲ್ಮನ್ ಮೀನಿಗೆ ಗೋಮಾಂಸದ ಪುಟ್ಟ ಬಟ್ಟಲೂ ಸೇರಿದ ಸೆಟ್ 600, 700 ಯೆನ್‌ವರೆಗೆ ಹೋಗುತ್ತದೆ. ಅಕ್ಕಿಯ ಬೆಲೆ ಏರಿದಾಗೆಲ್ಲ ಇವು ಬದಲಾಗುತ್ತವೆ. ಬಾಗಿಲ ಬಳಿಯ ಚಿತ್ರಪಟದಲ್ಲಿರುವುದೇ ಅಂತಿಮ. ಟಿಪ್ ಕೊಡುವ ಪದ್ಧತಿ ಇಲ್ಲ.

ಏನು ತಿನ್ನುವುದಿಲ್ಲ ಎಂಬುದೇ ದೊಡ್ಡ ಪ್ರಶ್ನೆ

ಗೋಮಾಂಸ ಮಾತ್ರ ಬೇಡ, ಮೀನು ಮೊಟ್ಟೆ ಆಗುತ್ತದೆ ಅನ್ನುವವರಿಗೆ ಮೂರೂ ಅಂಗಡಿಗಳು ತೆರೆದಿವೆ. ಗೋಮಾಂಸದ ಬಟ್ಟಲು ಸೇರದ ಸುಟ್ಟ ಸಾಲ್ಮನ್ ಸೆಟ್ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಎಚ್ಚರ ಬೇಕಾದ ಪದಗಳು ಎರಡು: ‘ಗ್ಯೂ’ ಎಂದರೆ ದನ, ‘ಕೊಬಾಚಿ’ ಎಂದರೆ ಪುಟ್ಟ ಬಟ್ಟಲು. ‘ಗ್ಯೂ ಕೊಬಾಚಿ’ ಎಂದು ಸೇರಿಕೊಂಡು ಬಂದರೆ ಸೆಟ್ ಜೊತೆ ಗೋಮಾಂಸದ ಬಟ್ಟಲೊಂದು ಬರುತ್ತದೆ ಎಂದರ್ಥ. ಸುಕಿಯಾದ ‘ಮಾಜೆನೊಕ್ಕೆ’ ಸೆಟ್‌ನ ಚಿತ್ರದಲ್ಲಿ ಬೆಂಡೆಕಾಯಿ, ಮೊಟ್ಟೆ ಕಂಡು ಇದು ನಮ್ಮದೇ ಎಂದು ಒತ್ತಿಬಿಡುವವರಿದ್ದಾರೆ. ಪಕ್ಕದ ಕಂದು ಬಟ್ಟಲಿನಲ್ಲಿರುವುದು ಗೋಮಾಂಸ. ಮತ್ಸುಯಾದಲ್ಲಿ ಕೊಬಾಚಿಯನ್ನು ನೀವೇ ಆರಿಸಬೇಕು, ಆ ಸಾಲಿನಲ್ಲಿ ಗೋಮಾಂಸವೂ ಒಂದು. ಅವಸರದಲ್ಲಿ ಮೊದಲು ಕಂಡ ಚಿತ್ರ ಒತ್ತಬೇಡಿ.

ಹಂದಿಯೂ ಬೇಡ ಅನ್ನುವವರು ಇನ್ನೂ ಎರಡು ಕಡೆ ನೋಡಬೇಕು. ಬೆಳಗಿನ ಹ್ಯಾಮ್, ಸಾಸೇಜ್ ಹಂದಿಯದ್ದೆಂದೇ ಎಣಿಸಿ. ‘ತೊಂಜಿರು’ ಎಂಬುದು ಹಂದಿಮಾಂಸ ಹಾಕಿದ ಮಿಸೊ ಸಾರು. ಸ್ವಲ್ಪ ಹೆಚ್ಚು ಕೊಟ್ಟರೆ ಮಾಮೂಲಿ ಸಾರಿನ ಬದಲು ಅದು ಸಿಗುತ್ತದೆ ಎಂದು ಪರದೆ ಕೇಳಿದಾಗ ಬೇಡವೆನ್ನಿ.

ಇನ್ನು ಸಸ್ಯಾಹಾರಿಗಳು. ಇಲ್ಲಿ ಸುಳ್ಳು ಭರವಸೆ ಕೊಟ್ಟು ಪ್ರಯೋಜನವಿಲ್ಲ. ಮಿಸೊ ಪೇಸ್ಟ್ ಸೋಯಾದ್ದೇ ಆದರೂ ಸಾರಿನ ತಳ ‘ದಾಶಿ’, ಎಂದರೆ ಒಣಗಿಸಿದ ಬೊನಿಟೊ ಮೀನಿನ ಕಷಾಯ. ನಾಟ್ಟೊ ಶುದ್ಧ ಸೋಯಾ ಕಾಳು, ಆದರೆ ಅದರ ಜೊತೆ ಬರುವ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಸೇರಿರುತ್ತದೆ. ತೋಫು ಮೇಲೆ ಮೀನಿನ ಚೂರು ಉದುರಿಸಿ ಕೊಡುವುದುಂಟು. ತುರಿದ ಯಾಮ್ ಗೆಡ್ಡೆಯ ಲೋಳೆ ‘ತೊರೊರೊ’ಗೂ ದಾಶಿ ಬೆರೆಸುವುದು ವಾಡಿಕೆ. ಇದು ಸರಣಿ ಹೋಟೆಲು. ಸಾರು ಪಾತ್ರೆಯಿಂದ ನೇರ ಬಟ್ಟಲಿಗೆ ಬರುತ್ತದೆ, ನಿಮಗಾಗಿ ಬೇರೆ ಮಾಡುವುದಿಲ್ಲ. ಮೊಟ್ಟೆ ತಿನ್ನುವ ಸಸ್ಯಾಹಾರಿ ಅನ್ನ, ಮೊಟ್ಟೆ, ಸಲಾಡ್, ಬರೀ ಸೋಯಾ ಸಾಸ್ ಇಟ್ಟುಕೊಂಡು ಸಾರನ್ನು ಮುಟ್ಟದೆ ಬಿಡಬಹುದು. ಮೊಟ್ಟೆಯೂ ತಿನ್ನದವರಿಗೆ ಉಳಿಯುವುದು ಅನ್ನ, ಸಾಸ್ ಹಾಕದ ನಾಟ್ಟೊ, ಸಲಾಡ್ ಅಷ್ಟೇ. ಅದಕ್ಕೆ ಬೆಳಿಗ್ಗೆ ಇಷ್ಟು ಕಷ್ಟಪಡುವ ಅಗತ್ಯವಿಲ್ಲ. ಪಕ್ಕದ ಕನ್ವೀನಿಯನ್ಸ್ ಸ್ಟೋರಿನ ಬಾಳೆಹಣ್ಣೇ ವಾಸಿ. ಪಾತ್ರೆ, ತವಾ ಬೇರೆಯಿರಬೇಕು ಎನ್ನುವ ಮಡಿಯವರಂತೂ ಈ ಬಾಗಿಲು ದಾಟುವುದೇ ಬೇಡ. ಗೋಮಾಂಸದ ರಸ ದಿನವಿಡೀ ಕುದಿಯುತ್ತಲೇ ಇರುತ್ತದೆ, ವಾಸನೆ ಬೀದಿಗೇ ಬರುತ್ತದೆ.

ಮೊಟ್ಟೆಯ ಲೆಕ್ಕಾಚಾರ

ಅತಿ ಅಗ್ಗದ ಸೆಟ್ ಎಲ್ಲೆಡೆಯೂ ಸಾಮಾನ್ಯವಾಗಿ ಒಂದೇ: ‘ತಮಾಗೊಕಾಕೆ ಗೊಹಾನ್’, ಬಿಸಿ ಅನ್ನಕ್ಕೆ ಹಸಿ ಮೊಟ್ಟೆ. ನಮ್ಮಲ್ಲಿ ಹಸಿ ಮೊಟ್ಟೆ ಎಂದರೆ ಕುಸ್ತಿ ಪೈಲ್ವಾನರ ನೆನಪು, ಜೊತೆಗೆ ಸಾಲ್ಮೊನೆಲ್ಲಾ ಭಯ. ಜಪಾನಿನಲ್ಲಿ ಮೊಟ್ಟೆಗಳನ್ನು ತೊಳೆದು ಪರೀಕ್ಷಿಸಿಯೇ ಮಾರುತ್ತಾರೆ, ಪೆಟ್ಟಿಗೆಯ ಮೇಲಿನ ದಿನಾಂಕವೂ ಹಸಿಯಾಗಿ ತಿನ್ನುವವರನ್ನು ಲೆಕ್ಕದಲ್ಲಿಟ್ಟೇ ಹಾಕಿದ್ದು. ಆದರೂ ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಬೆಂದ ಮೊಟ್ಟೆಗೇ ಹೋಗುವುದು ಒಳ್ಳೆಯದು.

ತಿನ್ನುವ ಕ್ರಮ ತಪ್ಪಿದರೆ ಇದು ರುಚಿಗೆಡುವುದು ಸುಲಭ. ಮೊಟ್ಟೆಯನ್ನು ನೇರ ಅನ್ನದ ಮೇಲೆ ಒಡೆಯಬೇಡಿ. ಪಕ್ಕದ ಪುಟ್ಟ ಬಟ್ಟಲಿಗೆ ಒಡೆದು, ಒಂದು ಚಿಕ್ಕ ಚಮಚದಷ್ಟು ಸೋಯಾ ಸಾಸ್ ಹಾಕಿ, ಬಿಳಿ ಹಳದಿ ಒಂದಾಗುವಷ್ಟು ಕಲಕಿ. ಅನ್ನದ ನಡುವೆ ಗುಳಿ ಮಾಡಿ ಅದರೊಳಗೆ ಸುರಿದು ಕೂಡಲೇ ಬೆರೆಸಿ. ಅನ್ನ ಹೊಗೆಯಾಡುತ್ತಿದ್ದರೆ ಮೊಟ್ಟೆ ಸ್ವಲ್ಪ ಗಟ್ಟಿಯಾಗಿ ಅನ್ನಕ್ಕೆ ಅಂಟುತ್ತದೆ. ಫೋಟೊ ತೆಗೆಯುತ್ತಾ ಐದು ನಿಮಿಷ ಕಳೆದರೆ ಅನ್ನ ಆರಿ, ಮೊಟ್ಟೆ ತಳದಲ್ಲಿ ತಣ್ಣಗಿನ ಲೋಳೆಯಾಗಿ ಕೂರುತ್ತದೆ. ಹಸಿ ಮೊಟ್ಟೆ ತಮಗೆ ಆಗದು ಎಂದವರಲ್ಲಿ ಅರ್ಧದಷ್ಟು ಜನ ಇದನ್ನು ಆರಿದ ಅನ್ನದಲ್ಲಿ ತಿಂದವರೇ ಇರಬೇಕು.

ನಡುವಿನ ದಾರಿಗಳೂ ಇವೆ. ‘ಹಂಜುಕು’ ಅಥವಾ ‘ಒನ್ಸೆನ್ ತಮಾಗೊ’ ಎಂದರೆ ಅರೆಬೆಂದ ಮೊಟ್ಟೆ, ಬಿಳಿ ಮೊಸರಿನಂತೆ ನಡುಗುತ್ತಿರುತ್ತದೆ. ‘ಮೆದಾಮಯಾಕಿ’ ಎಂದರೆ ತವಾದಲ್ಲಿ ಮಾಡಿದ ಆಫ್‌ಬಾಯ್ಲ್. ಪೂರ್ತಿ ಬೆಂದ ಹಳದಿ ಇಲ್ಲಿ ಸಿಗುವ ಖಾತರಿಯಿಲ್ಲ.

ನಾಟ್ಟೊ ಬಗ್ಗೆಯೂ ಇಲ್ಲೇ ಹೇಳಿಬಿಡುವುದು ಸರಿ. ಹುದುಗಿಸಿದ ಸೋಯಾ ಕಾಳು, ಕಲಕಿದಷ್ಟೂ ನೂಲು ಬರುತ್ತದೆ. ಬೆಂಡೆಕಾಯಿಯ ಲೋಳೆ ಕಂಡು ಬೆಳೆದ ನಮಗೆ ಅದರ ಸ್ಪರ್ಶ ಹೊಸದಲ್ಲ, ತಡೆಯುವುದು ವಾಸನೆ. ಮೊದಲು ಬರೀ ಕಾಳನ್ನು ಹತ್ತಿಪ್ಪತ್ತು ಸುತ್ತು ಕಲಕಿ, ಆಮೇಲೆ ಸಾಸ್, ಸಾಸಿವೆ ಹಾಕಿ. ಸಾಸ್ ಮೊದಲೇ ಸುರಿದರೆ ನೊರೆ ಕಟ್ಟದೆ ನೀರಾಗುತ್ತದೆ. ಸಾಸಿವೆ ಪೂರ್ತಿ ಹಾಕಿ, ವಾಸನೆಯನ್ನು ಅದೇ ಅಡಗಿಸುವುದು. ರಕ್ತ ತೆಳುವಾಗಿಸುವ ವಾರ್‌ಫರಿನ್ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ನಾಟ್ಟೊ ತಿನ್ನಲೇಬಾರದು. ಅದರಲ್ಲಿನ ವಿಟಮಿನ್ ಕೆ ಔಷಧದ ಕೆಲಸವನ್ನೇ ಕೆಡಿಸುತ್ತದೆ. ಅಪ್ಪ ಅಮ್ಮನನ್ನು ಜಪಾನಿಗೆ ಕರೆಸಿಕೊಂಡವರು ಇದನ್ನು ನೆನಪಿಟ್ಟುಕೊಳ್ಳಿ.

ಯೋಶಿನೋಯಾ

ಮೂರರಲ್ಲಿ ಹಳಬ. 1899ರಲ್ಲಿ ಟೋಕಿಯೊದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ ಶುರುವಾಗಿ, 1923ರ ಮಹಾ ಭೂಕಂಪದ ನಂತರ ಮಾರುಕಟ್ಟೆಯ ಹಿಂದೆಯೇ ತ್ಸುಕಿಜಿಗೆ ಹೋದ ಅಂಗಡಿ. ಬೆಳಗಿನ ಜಾವವೇ ದುಡಿಮೆ ಶುರುಮಾಡುವ, ನಿಂತಲ್ಲಿ ನಿಲ್ಲಲು ಪುರುಸೊತ್ತಿಲ್ಲದ ಮೀನು ವ್ಯಾಪಾರಿಗಳಿಗೆ ಬಡಿಸಿ ಬೆಳೆದದ್ದು. ‘ರುಚಿ, ಅಗ್ಗ, ಬೇಗ’ ಎಂಬ ಅದರ ಘೋಷಣೆ ಅಲ್ಲಿಂದ ಬಂದದ್ದೇ. ಬೆಳಗಿನ ಪಟ್ಟಿ ಇವತ್ತಿಗೂ ಅದೇ ಮನಸ್ಥಿತಿಯದು: ಸುಟ್ಟ ಮೀನು, ನಾಟ್ಟೊ, ಹ್ಯಾಮ್ ಮೊಟ್ಟೆ, ಬೇಕಿದ್ದರೆ ಜೊತೆಗೆ ಗೋಮಾಂಸದ ಪುಟ್ಟ ಬಟ್ಟಲು. ಅಲಂಕಾರವಿಲ್ಲ.

ಹಳೆಯ ಮಾದರಿಯ ಶಾಖೆಗಳಲ್ಲಿ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂತರೆ ಸಾಕು, ಚಹಾ ತಂದಿಟ್ಟು ಆರ್ಡರ್ ಕೇಳುತ್ತಾರೆ. ಚಿತ್ರದ ಮೇಲೆ ಬೆರಳಿಟ್ಟು ‘ಕೊರೆ, ಒನೆಗಾಯ್ಶಿಮಾಸ್’ (ಇದು ಕೊಡಿ) ಎಂದರೆ ಕೆಲಸವಾಯಿತು. ದುಡ್ಡು ಕೊನೆಗೆ. ಹೊಸ ಶಾಖೆಗಳಲ್ಲಿ ಪರದೆ ಇರುವುದೂ ಉಂಟು, ಗಲ್ಲಾದಲ್ಲಿ ಮೊದಲೇ ಹೇಳಿ ತಟ್ಟೆ ನೀವೇ ತರುವ ಶಾಖೆಗಳೂ ಇವೆ. ಕೂತು ಎರಡು ನಿಮಿಷವಾದರೂ ಯಾರೂ ಬರದಿದ್ದರೆ ಗಲ್ಲಾದ ಕಡೆ ನೋಡಿ.

ಗೋಮಾಂಸ ತಿನ್ನುವವರು, ಅದನ್ನೇ ಬೆಳಿಗ್ಗೆಯೂ ತಿನ್ನಬೇಕು ಅನ್ನುವವರು ಇಲ್ಲಿಗೆ ಬರಬೇಕು. ಮೂರರಲ್ಲಿ ಗ್ಯೂಡೋನ್ ರಸಕ್ಕೆ ಹೆಸರು ಮಾಡಿದ್ದು ಇದೇ. ಹುಚ್ಚು ಹಸು ಕಾಯಿಲೆಯ ಭಯದಲ್ಲಿ ಅಮೆರಿಕದ ಗೋಮಾಂಸದ ಆಮದು ನಿಂತಾಗ, ಬೇರೆ ದೇಶದ ಮಾಂಸದಿಂದ ಅದೇ ರುಚಿ ಬಾರದು ಎಂದು 2004ರ ಫೆಬ್ರವರಿಯಲ್ಲಿ ಗ್ಯೂಡೋನ್ ಮಾರಾಟವನ್ನೇ ನಿಲ್ಲಿಸಿ, 2006ರವರೆಗೆ ಹಂದಿ ಬಟ್ಟಲು ಮಾರಿಕೊಂಡು ಕೂತವರು ಇವರು. ಸಾಮಾನ್ಯ ಗಾತ್ರಕ್ಕೆ ‘ನಾಮಿ’, ಅನ್ನ ಅಷ್ಟೇ ಇದ್ದು ಮಾಂಸ ಹೆಚ್ಚಿರಬೇಕಿದ್ದರೆ ‘ಅತಾಮಾ ನೊ ಓಮೊರಿ’, ರಸ ಧಾರಾಳ ಬೇಕಿದ್ದರೆ ‘ತ್ಸುಯುದಾಕು’. ಬೆಳಿಗ್ಗೆ ತ್ಸುಯುದಾಕು ಕೇಳುವ ಮುನ್ನ ಒಮ್ಮೆ ಯೋಚಿಸಿ. ಆ ರಸ, ಮಿಸೊ ಸಾರು, ಉಪ್ಪಿನಕಾಯಿ ಮೂರೂ ಸೇರಿದರೆ ದಿನದ ಉಪ್ಪಿನ ದೊಡ್ಡ ಪಾಲು ಒಂದೇ ಹೊತ್ತಿಗೆ ಹೊಟ್ಟೆ ಸೇರಿರುತ್ತದೆ.

ಇಲ್ಲಿನ ಕೊರತೆ ಜಾಗ. ಕೌಂಟರ್ ಕಿರಿದು, ಪಕ್ಕದವರ ಮೊಣಕೈ ತಾಗುತ್ತದೆ, ಸೂಟ್‌ಕೇಸ್ ಇಡಲು ತಾವಿಲ್ಲ. ಇನ್ನೊಂದು ಸಣ್ಣ ಮಾತು: ಜಪಾನಿನಲ್ಲಿ ಒಳಗೆ ಕೂತು ತಿಂದರೆ ತೆರಿಗೆ 10%, ಕಟ್ಟಿಸಿಕೊಂಡು ಹೋದರೆ 8%. ಯೋಶಿನೋಯಾ ಇದನ್ನು ಬೆಲೆಯಲ್ಲೇ ತೋರಿಸುತ್ತದೆ, ಹಾಗಾಗಿ ಪಾರ್ಸೆಲ್ ಕೆಲವು ಯೆನ್ ಅಗ್ಗ.

ಸುಕಿಯಾ

1982ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದ್ದು, ವಯಸ್ಸಿನಲ್ಲಿ ಕಿರಿಯ, ಅಂಗಡಿಗಳ ಲೆಕ್ಕದಲ್ಲಿ ಮೂರರಲ್ಲೇ ದೊಡ್ಡದು. ಜಪಾನಿನ ಸಣ್ಣ ಊರುಗಳ ಹೆದ್ದಾರಿ ಬದಿಯಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಇದೇ. ಕಾರು ನಿಲ್ಲಿಸಲು ಜಾಗ, ನಾಲ್ಕು ಜನ ಎದುರುಬದುರು ಕೂರುವ ಮೇಜು, ಮಕ್ಕಳಿಗೆ ಬೇರೆ ಪಟ್ಟಿ ಇಲ್ಲಿನ ಅನುಕೂಲ.

ಭಾಷೆ ಬಾರದವರಿಗೆ ಸುಕಿಯಾ ಹೆಚ್ಚು ಸಲೀಸು. ಕೂತ ಜಾಗದಲ್ಲೇ ಪರದೆ, ಇಂಗ್ಲಿಷ್ ಗುಂಡಿ ಒತ್ತಿ ಚಿತ್ರ ನೋಡಿ ನಿಧಾನಕ್ಕೆ ಆರಿಸಬಹುದು, ಬೆನ್ನ ಹಿಂದೆ ಯಾರೂ ಕಾಯುತ್ತಿರುವುದಿಲ್ಲ. ಅನ್ನದ ಗಾತ್ರ ಕೇಳುತ್ತದೆ. ‘ಮಿನಿ’ ಆರಿಸಲು ಸಂಕೋಚ ಬೇಡ. ಜಪಾನಿನ ಗುಂಡು ಅಕ್ಕಿಯ ಅನ್ನ ಒತ್ತಾಗಿರುತ್ತದೆ, ನಾಮಿ ಬಟ್ಟಲಿನ ಅನ್ನವೇ ಸುಮಾರು 250 ಗ್ರಾಂ ತೂಗುತ್ತದೆ. ತಿಂದ ಮೇಲೆ ಮೇಜಿನ ಚೀಟಿಯನ್ನೋ ಸಂಖ್ಯೆಯನ್ನೋ ಹಿಡಿದು ಗಲ್ಲಾಕ್ಕೆ ಹೋಗಿ ಹಣ ಕೊಡಬೇಕು.

ಬೆಳಗಿನ ಪಟ್ಟಿ ಇಲ್ಲಿ ಅಗಲವಾಗಿದೆ: ಹಸಿ ಮೊಟ್ಟೆ, ನಾಟ್ಟೊ, ಸಾಲ್ಮನ್, ಮೊದಲು ಹೇಳಿದ ಮಾಜೆನೊಕ್ಕೆ. ಗೋಮಾಂಸ ತಿನ್ನುವವರಿಗೆ ಈ ಕೊನೆಯದನ್ನು ಒಮ್ಮೆಯಾದರೂ ನೋಡಿ ಎನ್ನಬಹುದು. ಬೆಂಡೆ, ಅರೆಬೆಂದ ಮೊಟ್ಟೆ, ಮೀನಿನ ಚೂರು, ಮಾಂಸ ಎಲ್ಲವನ್ನೂ ಅನ್ನದ ಮೇಲೆ ಸುರಿದು ಬೆರೆಸಿ ತಿನ್ನುವುದು, ಕಲಸಿ ತಿನ್ನುವ ನಮ್ಮ ಅಭ್ಯಾಸಕ್ಕೆ ತೀರ ಹತ್ತಿರ. ಮಾಂಸ ಬೇಡದವರು ಬೆಂಡೆಯನ್ನು ಬೇರೆ ಕೊಬಾಚಿಯಾಗಿ ಮೊಟ್ಟೆ ಸೆಟ್‌ಗೆ ಸೇರಿಸಿಕೊಳ್ಳಿ, ಮೇಲಿನ ಮೀನಿನ ಚೂರನ್ನು ಮಾತ್ರ ಗಮನಿಸಿ.

ಒಂದು ತೊಡಕಿದೆ. 2025ರ ಏಪ್ರಿಲ್‌ನಿಂದ ಸುಕಿಯಾ ಶಾಖೆಗಳು ಸ್ವಚ್ಛತೆಗಾಗಿ ನಸುಕಿನ 3ರಿಂದ 4ರವರೆಗೆ ಮುಚ್ಚುತ್ತವೆ. ರಾತ್ರಿ ಬಸ್ಸಿನಲ್ಲಿ ಬಂದು ಮೂರೂವರೆಗೆ ಇಳಿದವರಿಗೆ ಬಾಗಿಲು ತೆರೆದಿರುವುದಿಲ್ಲ.

ಮತ್ಸುಯಾ

ಬೆಂಗಳೂರಿನ ದರ್ಶಿನಿ ಗೊತ್ತಿದ್ದವರಿಗೆ ಮತ್ಸುಯಾದ ಕ್ರಮ ಹೇಳಿಕೊಡಬೇಕಿಲ್ಲ. ಮೊದಲು ಹಣ, ಆಮೇಲೆ ಚೀಟಿ, ಆಮೇಲೆ ತಿಂಡಿ. ಗಲ್ಲಾದಲ್ಲಿ ಮನುಷ್ಯನ ಬದಲು ಯಂತ್ರವಿದೆ ಅಷ್ಟೇ. ಭಾಷೆ ಬದಲಿಸಿ, ಒಳಗೆ ತಿನ್ನುವುದೋ ಪಾರ್ಸೆಲ್ಲೋ ಒತ್ತಿ, ಬೆಳಗಿನ ವಿಭಾಗ ತೆರೆದು ಸೆಟ್ ಆರಿಸಿ, ಕೊಬಾಚಿ ಆರಿಸಿ, ಹಣ ಹಾಕಿ. ಅನೇಕ ಶಾಖೆಗಳಲ್ಲಿ ಚೀಟಿಯ ಸಂಖ್ಯೆ ಪರದೆಯ ಮೇಲೆ ಬಂದಾಗ ತಟ್ಟೆ ನೀವೇ ತಂದು, ತಿಂದ ಮೇಲೆ ನೀವೇ ಮರಳಿಸಬೇಕು. ಎಡವುವುದು ಎರಡು ಕಡೆ: ಹಿಂದೆ ಸಾಲು ಬೆಳೆದಾಗ ಗಾಬರಿಯಲ್ಲಿ ಕೊಬಾಚಿಯನ್ನು ತಪ್ಪಾಗಿ ಒತ್ತುವುದು, ಮತ್ತು 10,000 ಯೆನ್ ನೋಟು ಹಿಡಿದು ನಿಲ್ಲುವುದು. ಎಲ್ಲ ಯಂತ್ರಗಳೂ ದೊಡ್ಡ ನೋಟು ನುಂಗುವುದಿಲ್ಲ. 1,000ದ ನೋಟೋ, ಹಣ ತುಂಬಿಸಿಟ್ಟ ರೈಲಿನ ಐಸಿ ಕಾರ್ಡೋ ಕೈಯಲ್ಲಿರಲಿ.

ಈ ಗೊಂದಲಕ್ಕೆ ಪ್ರತಿಫಲವೂ ಇದೆ. ಬೆಳಗಿನ ಸೆಟ್‌ಗಳ ಜೊತೆ ಗೋಮಾಂಸ, ನಾಟ್ಟೊ, ತೋಫು, ತೊರೊರೊ ಹೀಗೆ ಕೆಲವು ಕೊಬಾಚಿಗಳಲ್ಲಿ ಒಂದನ್ನು ಬೇಕಾದಂತೆ ಆರಿಸಬಹುದು. ನಾಲ್ವರು ಹೋದರೆ ನಾಲ್ಕು ತರಹ ತಿನ್ನಬಹುದು, ಅದೇ ಬೆಲೆಗೆ. ಗೋಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗಿರುವ ಆಫೀಸಿನ ಗುಂಪಿಗೆ ಇದಕ್ಕಿಂತ ಅನುಕೂಲದ್ದು ಇಲ್ಲ. ಸಾಸೇಜ್ ಮತ್ತು ಮೆದಾಮಯಾಕಿ ಸೆಟ್ ಇಲ್ಲಿನ ಹೆಸರಾಂತ ಬೆಳಗಿನೂಟ. ಹಸಿ ಮೊಟ್ಟೆ ಆಗದವರು ತವಾದಲ್ಲಿ ಬೆಂದ ಮೊಟ್ಟೆಗಾಗಿ ಇಲ್ಲಿಗೆ ಬರಬಹುದು. ಅದೇ ತವಾದಲ್ಲಿ ಮಾಂಸವೂ ಬೇಯುತ್ತದೆ ಎಂದು ಎಣಿಸಿಕೊಂಡು. ಕೌಂಟರಿನ ಮೇಲಿನ ಸಾಸ್ ಬಾಟಲಿಗಳ ಸಾಲು ಉಳಿದೆರಡು ಕಡೆಗಿಂತ ಉದ್ದ. ಬೆಳಗಿನ ಸೆಟ್‌ಗೆ ಎಲ್ಲೆಡೆ ಮಿಸೊ ಸಾರು ಸೇರಿರುತ್ತದೆ, ಆದರೆ ಬರೀ ಬಟ್ಟಲು ಕೇಳಿದಾಗಲೂ (ಇಲ್ಲಿ ಅದರ ಹೆಸರು ‘ಗ್ಯೂಮೇಶಿ’) ಒಳಗೆ ಕೂತವರಿಗೆ ಸಾರು ಪುಕ್ಕಟೆ ಕೊಡುವುದು ಮತ್ಸುಯಾ. ಉಳಿದೆರಡು ಕಡೆ ಅದಕ್ಕೆ ಬೇರೆ ದುಡ್ಡು.

ಇವುಗಳಾಚೆ ನಕಾಉ ಎಂಬ ನಾಲ್ಕನೆಯದೊಂದಿದೆ, ಸುಕಿಯಾದ ಮಾಲೀಕ ಸಂಸ್ಥೆಯದೇ. ಅಲ್ಲಿ ಉದೊನ್ ನೂಡಲ್ಸ್ ಕೂಡ ಸಿಗುತ್ತದೆ. ಬೆಳಿಗ್ಗೆ ಅನ್ನವೇ ಬೇಡ ಅನ್ನುವವರು ಬೋರ್ಡು ಕಂಡರೆ ಹೋಗಬಹುದು. ಉದೊನ್ ಸಾರಿನಲ್ಲೂ ದಾಶಿ ಇರುತ್ತದೆ.

ಯಾರು ಎಲ್ಲಿಗೆ

ಒಬ್ಬರೇ, ಹತ್ತು ನಿಮಿಷದಲ್ಲಿ ರೈಲು ಹಿಡಿಯಬೇಕು, ಮೀನು ಆಗುತ್ತದೆ ಎಂದರೆ ಯೋಶಿನೋಯಾ. ಮಕ್ಕಳು, ಸಾಮಾನು, ಜಪಾನಿ ಭಾಷೆಯ ಭಯ ಇದ್ದರೆ ಸುಕಿಯಾ, ಮಕ್ಕಳಿಗೆ ‘ಸುಪೂನ್’ ಎಂದರೆ ಚಮಚ ಕೊಡುತ್ತಾರೆ. ಜೊತೆಗಿರುವವರ ರುಚಿ ಒಂದೊಂದು ದಿಕ್ಕಿಗಿದ್ದರೆ, ಮೊಟ್ಟೆ ಹಸಿಯಾಗಿರಬಾರದು ಎಂದಿದ್ದರೆ ಮತ್ಸುಯಾ. ತಿಂಗಳ ಕೊನೆಯ ವಿದ್ಯಾರ್ಥಿಗಳು ಸುಕಿಯಾ ಅಥವಾ ಮತ್ಸುಯಾದ ಅತಿ ಅಗ್ಗದ ಹಸಿ ಮೊಟ್ಟೆ ಸೆಟ್‌ಗೆ ಹೋಗಲಿ. ಜಾಗ ಗೊತ್ತಿಲ್ಲದೆ ಅರ್ಧ ಕಿಲೋಮೀಟರ್ ನಡೆಯಬೇಕಾಗಿ ಬಂದರೆ ಮಾತ್ರ ಈ ಭೇದವನ್ನೆಲ್ಲ ಮರೆತು ಹತ್ತಿರದ್ದಕ್ಕೆ ನುಗ್ಗಿ.

ಬೆಳಗಿನ ಪಟ್ಟಿ ನಸುಕಿನ 4ಕ್ಕೋ 5ಕ್ಕೋ ತೆರೆದು 11ಕ್ಕೆ ಮುಚ್ಚುತ್ತದೆ. ಭಾರತದಿಂದ ಹೊಸದಾಗಿ ಹೋದವರು ಬೀಳುವುದು ಇಲ್ಲೇ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಊರಲ್ಲಿ ಏಳಕ್ಕೆ ಏಳುವ ದೇಹ ಅಲ್ಲಿ ಮೊದಲ ದಿನ ಹತ್ತೂವರೆಗೆ ಎಚ್ಚರಗೊಳ್ಳುತ್ತದೆ, ಸ್ನಾನ ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಪರದೆಯ ಮೇಲೆ ಬೆಳಗಿನ ವಿಭಾಗವೇ ಇರುವುದಿಲ್ಲ. ಆಗಲೂ ಎದ್ದು ಹೊರಡಬೇಕಿಲ್ಲ. ಅನ್ನ, ಮೊಟ್ಟೆ, ಮಿಸೊ ಸಾರು ಬಿಡಿಬಿಡಿಯಾಗಿ ಪಟ್ಟಿಯ ಕೊನೆಯ ಪುಟದಲ್ಲಿ ಇರುತ್ತವೆ. ಒಂದೊಂದನ್ನೇ ಒತ್ತಿ ಅದೇ ತಿಂಡಿ ಕಟ್ಟಿಕೊಳ್ಳಬಹುದು, ಸೆಟ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟು.